ಮನೆಯ ರೀಫ್ ಟ್ಯಾಂಕಿಗೆ ಹೊಸ ಅನಿಮೋನ್: ಕಾರವಾರದ ಸೆಖೆ, ಮಳೆ, ಕರೆಂಟಿನ ನಡುವೆ ಅದನ್ನು ಉಳಿಸಿಕೊಳ್ಳುವ ಬಗೆ

ರೀಫ್ ಟ್ಯಾಂಕಿಗೆ, ಎಂದರೆ ಹವಳದಂಥ ಕಡಲ ಜೀವಿಗಳನ್ನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಗೆ, ಅನಿಮೋನ್ ತಂದು ಬಿಟ್ಟ ಮಾರನೆಯ ಬೆಳಿಗ್ಗೆ ನೋಡಿದರೆ ಅದು ಇಟ್ಟ ಜಾಗದಲ್ಲಿ ಇರುವುದಿಲ್ಲ. ಕಲ್ಲಿನ ಹಿಂದೆ ಸರಿದಿರುತ್ತದೆ, ಇಲ್ಲವೇ ಗಾಜಿಗೆ ಅಂಟಿಕೊಂಡು ಮೇಲೆ ಹತ್ತಿರುತ್ತದೆ. ಗ್ರಹಚಾರ ಕೆಟ್ಟಿದ್ದರೆ ಪಂಪಿನೊಳಗೆ ಅರ್ಧ ಎಳೆದುಕೊಂಡು ಹೋಗಿ ಚೂರುಚೂರಾಗಿ, ಟ್ಯಾಂಕಿನ ನೀರು ಗಂಜಿಯ ಹಾಗೆ ಬಿಳುಚಿರುತ್ತದೆ. ಹೂವಿನಂತೆ ಕಾಣುವುದರಿಂದ ನೆಟ್ಟಲ್ಲೇ ಇರುತ್ತದೆ ಎಂದುಕೊಳ್ಳುವವರು ಬಹಳ. ಆದರೆ ಇದು ಹವಳ, ಜೆಲ್ಲಿ ಮೀನುಗಳ ನೆಂಟ. ಕುಟುಕುವ, ನುಂಗುವ, ನಡೆಯುವ ಪ್ರಾಣಿ. ತನ್ನ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಹಾಗಾಗಿ ಸಾಕುವವರ ಕೆಲಸದ ಮುಕ್ಕಾಲು ಪಾಲು ಅದು ಮನೆಗೆ ಬರುವ ಮುಂಚೆಯೇ ಮುಗಿದಿರಬೇಕು. ಬಂದ ಮೇಲೆ ಕೈ ಹಾಕಿದಷ್ಟೂ ಕೆಡುತ್ತದೆ.

ಯಾವುದನ್ನು ತರಬೇಕು

ಮೊದಲ ಸಲ ಸಾಕುವವರಿಗೆ ಒಂದೇ ಉತ್ತರ: ಬಬಲ್ ಟಿಪ್, ಎಂದರೆ ಎಂಟಾಕ್ಮಿಯಾ ಕ್ವಾಡ್ರಿಕಲರ್. ತೋಳಿನ ತುದಿಯಲ್ಲಿ ಸಣ್ಣ ಗುಳ್ಳೆಯಂತೆ ಉಬ್ಬಿರುತ್ತದೆ. ಎಷ್ಟೋ ಸಲ ಗುಳ್ಳೆ ಮಾಯವಾಗಿ ತೋಳುಗಳು ಸಪೂರವಾಗಿ ಉದ್ದವಾಗುತ್ತವೆ, ಅದು ರೋಗವಲ್ಲ. ಇದು ಟ್ಯಾಂಕಿನಲ್ಲೇ ಸೀಳಿ ಎರಡಾಗುವ ಜಾತಿ. ಹಾಗಾಗಿ ಇನ್ನೊಬ್ಬರ ಟ್ಯಾಂಕಿನಲ್ಲಿ ಹುಟ್ಟಿದ ಮರಿ ಸಿಕ್ಕರೆ ಸಮುದ್ರದಿಂದ ಕಿತ್ತು ತಂದದ್ದಕ್ಕಿಂತ ಎಷ್ಟೋ ಗಟ್ಟಿ.

ಕಾರ್ಪೆಟ್ ಅನಿಮೋನ್, ಅದರಲ್ಲೂ ಹ್ಯಾಡೋನಿ, ನೋಡಲು ಚೆಂದ. ಆದರೆ ಅದು ಅರ್ಧ ಮೀಟರಿಗಿಂತ ಅಗಲ ಬೆಳೆಯುತ್ತದೆ, ಹತ್ತಿರ ಸುಳಿದ ಮೀನನ್ನು ಹಿಡಿದು ತಿನ್ನುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಉರಿದು ಗಂಧೆ ಏಳುತ್ತದೆ. ರಿಟೆರಿ ಎಂದು ಮಾರುವ ಮ್ಯಾಗ್ನಿಫಿಕಾ ಸಾಗಣೆಯಲ್ಲೇ ಅರ್ಧ ಸೋತಿರುತ್ತದೆ. ಇವೆರಡನ್ನೂ ಎರಡು ವರ್ಷ ಬಬಲ್ ಟಿಪ್ ಸಾಕಿದ ಮೇಲೆ ಯೋಚಿಸಿದರೆ ಸಾಕು.

ಗೋಕರ್ಣ, ಮಾಜಾಳಿ ಕಡೆಯ ಬಂಡೆಗಳ ಮೇಲೆ ಇಳಿತದ ಹೊತ್ತಿನಲ್ಲಿ ಮುದುಡಿದ ಲೋಳೆ ಗುಡ್ಡೆಗಳಂತೆ ಅಂಟಿಕೊಂಡಿರುವುದೂ ಅನಿಮೋನ್‌ಗಳೇ. ಅವನ್ನು ಎಬ್ಬಿಸಿ ತರಬೇಡಿ. ಚಾಕುವಿನಲ್ಲಿ ಎಬ್ಬಿಸುವಾಗ ಕಲ್ಲಿಗೆ ಅಂಟಿಕೊಳ್ಳುವ ಅದರ ಪಾದ ಹರಿಯುತ್ತದೆ. ಹರಿಯದೆ ಬಂದರೂ ಉಬ್ಬರ ಇಳಿತಕ್ಕೆ, ಕದಡಿದ ನೀರಿಗೆ ಒಗ್ಗಿದ ಪ್ರಾಣಿ ಅದು, ರೀಫ್ ಟ್ಯಾಂಕಿನ ತಿಳಿ ನೀರು ಅದರ ಮನೆಯಲ್ಲ. ಇನ್ನು ಹವಳದ ಮಾತು: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಬರುವಾಗ ಒಂದು ತುಂಡನ್ನು ಜೇಬಿಗೆ ಹಾಕಿಕೊಂಡು ಬಂದರೂ ಅಪರಾಧ. ಟ್ಯಾಂಕಿನ ಕಲ್ಲಿಗೆ ಸೆರಾಮಿಕ್ ಅಥವಾ ಕೈಯಲ್ಲಿ ತಯಾರಿಸಿದ ಒಣ ಕಲ್ಲು ಸಾಕು.

ಟ್ಯಾಂಕು ತಯಾರಿದೆಯೇ

ನೀರು ಹಾಕಿ ಆರು ತಿಂಗಳಾಗದ ಟ್ಯಾಂಕಿಗೆ ಅನಿಮೋನ್ ಬೇಡ, ಒಂದು ವರ್ಷವಾದರೆ ಇನ್ನೂ ಒಳ್ಳೆಯದು. ಅಮೋನಿಯಾ, ನೈಟ್ರೈಟ್ ಸೊನ್ನೆ ಬಂತು ಎಂದರೆ ಮೀನಿಗೆ ಸಾಕು, ಇದಕ್ಕೆ ಸಾಲದು. ಹೊಸ ಟ್ಯಾಂಕಿನಲ್ಲಿ ಕ್ಷಾರೀಯತೆ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿ), ಪಿಎಚ್, ಪೋಷಕಾಂಶಗಳು ವಾರದಿಂದ ವಾರಕ್ಕೆ ಏರಿಳಿಯುತ್ತವೆ. ಅನಿಮೋನ್‌ಗೆ ಚಿಪ್ಪಿಲ್ಲ, ಮೂಳೆಯಿಲ್ಲ, ಹೊರಗಿನ ನೀರು ಹೇಗೋ ಒಳಗೂ ಹಾಗೆ. ಸಣ್ಣ ಏರುಪೇರೂ ಅದಕ್ಕೆ ನೇರವಾಗಿ ತಾಗುತ್ತದೆ.

ಒಂದು ಬಬಲ್ ಟಿಪ್‌ಗೆ 200 ಲೀಟರ್ ಟ್ಯಾಂಕು ಆರಾಮ. ನೂರು ಲೀಟರಿನಲ್ಲೂ ಸಾಕುವವರಿದ್ದಾರೆ, ಆದರೆ ಸತ್ತರೆ ಅಷ್ಟು ಸಣ್ಣ ನೀರಿನಲ್ಲಿ ಉಳಿದವುಗಳೂ ಜೊತೆಗೇ ಹೋಗುತ್ತವೆ. ತರುವ ಮುಂಚಿನ ಮೂರು ವಾರ ಈ ಅಳತೆಗಳು ಅಲುಗಾಡದೆ ನಿಂತಿರಬೇಕು: ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಎಂದರೆ ಸಾಪೇಕ್ಷ ಸಾಂದ್ರತೆ 1.025–1.026, ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್, ಪಿಎಚ್ 8.1ರಿಂದ 8.4, ಕ್ಷಾರೀಯತೆ ಅದರ ಮಾನವಾದ ಡಿಕೆಎಚ್‌ನಲ್ಲಿ 8ರಿಂದ 9, ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ನೈಟ್ರೇಟ್ ಸೊನ್ನೆಯಾಗಿರುವ ನೀರೂ ಒಳ್ಳೆಯದಲ್ಲ. ಅನಿಮೋನ್‌ನ ಮೈಯೊಳಗೆ ಬದುಕುವ ಪಾಚಿಗೆ ಗೊಬ್ಬರ ಬೇಕು, ಅದಿಲ್ಲದಿದ್ದರೆ ಬಣ್ಣ ಕಳೆದುಕೊಳ್ಳುತ್ತದೆ.

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿ ಕೈಬಿಡಬೇಡಿ. 35 ಪಿಪಿಟಿಯ ಅಳತೆ ದ್ರಾವಣದಿಂದಲೇ ಹೊಂದಿಸಿ. ಸೊನ್ನೆಯಲ್ಲಿ ಸರಿ ತೋರಿಸುವ ಅಗ್ಗದ ಮೀಟರು 35ರ ಹತ್ತಿರ ಎರಡು ಮೂರು ಪಿಪಿಟಿ ತಪ್ಪುವುದುಂಟು.

ತಾಮ್ರ: ಮೊದಲು ನೋಡಬೇಕಾದ ವಿಷ

ಮೀನಿಗೆ ಬಿಳಿಚುಕ್ಕೆ ಬಂದಾಗ ತಾಮ್ರದ ಔಷಧ ಹಾಕಿದ್ದ ಟ್ಯಾಂಕಿಗೆ ಅನಿಮೋನ್ ಬಿಡಬೇಡಿ. ತಾಮ್ರ ಕಲ್ಲು, ಮರಳು, ಸಿಲಿಕಾನ್‌ಗೆ ಹಿಡಿದು ತಿಂಗಳುಗಟ್ಟಲೆ ನಿಧಾನವಾಗಿ ನೀರಿಗೆ ಬಿಡುತ್ತಾ ಇರುತ್ತದೆ.

ಇದು ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು ಅಡುಗೆಮನೆಯ ಆರ್‌ಒ ಯಂತ್ರದ ವಿಚಾರ. ಈಗ ಮನೆಮನೆಗೆ ಬಂದಿರುವ ಎಷ್ಟೋ ಯಂತ್ರಗಳಲ್ಲಿ ಕುಡಿಯುವವರ ಆರೋಗ್ಯಕ್ಕೆಂದು ತಾಮ್ರದ ಕಾರ್ಟ್ರಿಜ್ ಸೇರಿಸಿರುತ್ತಾರೆ. ಆ ನೀರು ಮನುಷ್ಯರಿಗೆ ಸರಿ, ಅನಿಮೋನ್, ಸಿಗಡಿ, ಬಸವನಹುಳುವಿಗೆ ವಿಷ. ತಾಮ್ರವಿಲ್ಲದ ಯಂತ್ರಗಳಲ್ಲೂ ರುಚಿಗೆಂದು ಸ್ವಲ್ಪ ಮೂಲ ನೀರನ್ನೇ ಮರಳಿ ಬೆರೆಸುವ ತಿರುಪು ಇರುತ್ತದೆ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 50 ದಾಟಿರುತ್ತದೆ. ಟ್ಯಾಂಕಿಗೆ ಪ್ರತ್ಯೇಕ ಆರ್‌ಒ ಮತ್ತು ಉಳಿದ ಲವಣವನ್ನೂ ಹೀರುವ ಡಿಐ ರಾಳದ ಫಿಲ್ಟರ್ ಇಟ್ಟುಕೊಂಡು ಟಿಡಿಎಸ್ 0ಯಿಂದ 2ರೊಳಗೆ ಬಂದ ನೀರನ್ನೇ ಬಳಸಿ. ನಮ್ಮ ಕಡೆಯ ಚಿರೆಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಮುಂದಿನ ಸೆಡಿಮೆಂಟ್ ಫಿಲ್ಟರ್ ಬೇಗ ಕೆಂಪಾಗಿ ಕಟ್ಟುತ್ತದೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.

ಸಮುದ್ರದ ನೀರೇ ಪಕ್ಕದಲ್ಲಿರುವಾಗ ಉಪ್ಪಿನ ಪುಡಿಗೆ ಯಾಕೆ ದುಡ್ಡು ಎಂಬ ಪ್ರಶ್ನೆ ಕಾರವಾರದಲ್ಲಿ ಸಹಜ. ಉತ್ತರ ಜಾಗ ಮತ್ತು ತಿಂಗಳನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಕಾಳಿ ನದಿ ಸಿಹಿ ನೀರನ್ನೂ ಕೆಸರನ್ನೂ ತಂದು ಸುರಿಯುತ್ತದೆ. ಮಂಜುಗುಣಿಯಲ್ಲಿ ಗಂಗಾವಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ ಅದನ್ನೇ ಮಾಡುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ದಡದ ನೀರನ್ನು ಮರೆತುಬಿಡಿ. ಬೈತಖೋಲದಂಥ ಮೀನುಗಾರಿಕೆ ಬಂದರಿನ ನೀರು ವರ್ಷವಿಡೀ ಬೇಡ: ಡೀಸೆಲ್ ಒಂದು ಕಡೆ, ದೋಣಿಯ ತಳಕ್ಕೆ ಬಳಿಯುವ ಬಣ್ಣದ ತಾಮ್ರ ಇನ್ನೊಂದು ಕಡೆ. ತರಲೇಬೇಕೆಂದರೆ ಜನವರಿಯಿಂದ ಏಪ್ರಿಲ್ ಒಳಗೆ, ನದಿ ಬಾಯಿಯಿಂದ ದೂರದ ಬಂಡೆ ಮೂಲೆಯಲ್ಲಿ, ಪೂರ್ತಿ ಉಬ್ಬರದ ಹೊತ್ತಿನಲ್ಲಿ ತುಂಬಿ. 5 ಮೈಕ್ರಾನ್ ಚೀಲದಲ್ಲಿ ಸೋಸಿ, ಬೆಳಕು ತಾಗದ ಡ್ರಮ್ಮಿನಲ್ಲಿ ಗಾಳಿ ಆಡಿಸುತ್ತಾ ಎರಡು ವಾರ ಇಟ್ಟು, ಉಪ್ಪಿನಂಶ ಮತ್ತು ಅಮೋನಿಯಾ ನೋಡಿ ಬಳಸಿ. ಇಷ್ಟೆಲ್ಲ ಮಾಡುವುದಕ್ಕಿಂತ ಉಪ್ಪಿನ ಪುಡಿಯೇ ವಾಸಿ ಎಂದು ಎರಡನೇ ಡ್ರಮ್ಮಿನ ಹೊತ್ತಿಗೆ ಹೆಚ್ಚಿನವರಿಗೆ ಅನಿಸುತ್ತದೆ.

ಪುಡಿ ಬಳಸುವುದಾದರೆ ಲೀಟರಿಗೆ 36ರಿಂದ 38 ಗ್ರಾಂ. 20 ಲೀಟರಿನ ಬಕೇಟಿಗೆ ಸುಮಾರು 740 ಗ್ರಾಂ. ನೀರಿಗೆ ಉಪ್ಪು ಹಾಕಿ, ಉಪ್ಪಿಗೆ ನೀರು ಹಾಕಬೇಡಿ. ತಿರುವುಮುರುವಾದರೆ ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ಬುಡ ಸೇರುತ್ತದೆ. ಪಂಪ್ ಆಡಿಸಿ ನೀರು ತಿಳಿಯಾಗುವವರೆಗೆ ಕಾದು ಅಳೆಯಿರಿ. ಜೂನ್ ಬಂತೆಂದರೆ ತೆರೆದ ಉಪ್ಪಿನ ಚೀಲ ವಾರದಲ್ಲಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗುತ್ತದೆ. ತೇವ ಕುಡಿದ ಉಪ್ಪು ತೂಕದಲ್ಲಿ ಮೋಸ ಮಾಡುತ್ತದೆ, ಕರಗಿಸಿದಾಗ ಕ್ಷಾರೀಯತೆಯೂ ಕಡಿಮೆ ಬರುತ್ತದೆ. ರಬ್ಬರ್ ಬಳೆ ಇರುವ ಮುಚ್ಚಳದ ಡ್ರಮ್ಮಿಗೆ ಮೇ ತಿಂಗಳಲ್ಲೇ ಸುರಿದಿಡಿ.

ಸೆಖೆ, ಚಳಿ, ಕರೆಂಟು

ಏಪ್ರಿಲ್-ಮೇನಲ್ಲಿ ಕಾರವಾರದ ಮನೆಯೊಳಗೆ 32–33 ಡಿಗ್ರಿ ಸಾಮಾನ್ಯ. ಟ್ಯಾಂಕಿನ ಪಂಪು, ಲೈಟು ಸೇರಿದರೆ ನೀರು ಅದಕ್ಕಿಂತ ಒಂದು ಡಿಗ್ರಿ ಮೇಲೇ ಇರುತ್ತದೆ. 29 ದಾಟಿದ ನೀರಿನಲ್ಲಿ ದಿನಗಟ್ಟಲೆ ಇದ್ದರೆ ಅನಿಮೋನ್ ತನ್ನ ಪಾಚಿಯನ್ನು ಹೊರಹಾಕಿ ಬಿಳಚುತ್ತದೆ. ಬೆಂಗಳೂರಿನವರು ಹೇಳುವ ಫ್ಯಾನಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಕರಾವಳಿಯ ಗಾಳಿ ಆಗಲೇ ನೀರು ಕುಡಿದು ನಿಂತಿರುತ್ತದೆ, ಒಂದು ಒಂದೂವರೆ ಡಿಗ್ರಿಗಿಂತ ಇಳಿಯುವುದಿಲ್ಲ. 200 ಲೀಟರಿಗೆ 1/10 ಎಚ್‌ಪಿ ಚಿಲ್ಲರ್ ಬೇಕು, ಬಿಸಿಲು ಬೀಳುವ ಕೋಣೆಯಾದರೆ ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದು. ಚಿಲ್ಲರನ್ನು ಟ್ಯಾಂಕಿನ ಸ್ಟ್ಯಾಂಡಿನೊಳಗೆ ಮುಚ್ಚಿಟ್ಟರೆ ಅದು ಉಗುಳಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಗಾಳಿ ಆಡುವ ಕಡೆ ಇಡಿ.

ಶಿರಸಿಯಲ್ಲಿ ಕಥೆ ಬೇರೆ. ಘಟ್ಟದ ಮೇಲಿನ ಮಾರ್ಚ್ ತಿಂಗಳ ಒಣ ಹವೆಯಲ್ಲಿ ಫ್ಯಾನು ಸಾಕಷ್ಟು ಕೆಲಸ ಮಾಡುತ್ತದೆ, ಆದರೆ ಡಿಸೆಂಬರ್-ಜನವರಿಯ ರಾತ್ರಿಗೆ ಹೀಟರ್ ಬೇಕೇ ಬೇಕು. 200 ಲೀಟರಿಗೆ 200 ವಾಟಿನ ಒಂದು ಹೀಟರಿಗಿಂತ 100 ವಾಟಿನ ಎರಡು ಇಡಿ. ಒಂದು ಸಿಕ್ಕಿಹಾಕಿಕೊಂಡು ಆರದೇ ಉಳಿದರೂ ನೀರು ಬೇಯುವುದಿಲ್ಲ. ಹೀಟರಿಗೆ ಪ್ಲಾಸ್ಟಿಕ್ ಗೂಡು ಹಾಕಿ. ಅಲೆಯುವ ಅನಿಮೋನ್ ಬಿಸಿ ಗಾಜಿಗೆ ಅಂಟಿ ಸುಟ್ಟುಕೊಳ್ಳುತ್ತದೆ.

ಮೊದಲ ಮಳೆ ಬಿದ್ದ ರಾತ್ರಿ ಕರೆಂಟು ಹೋಗದಿದ್ದರೆ ಅದೇ ಸುದ್ದಿ. ಲೈಟು ಎರಡು ದಿನ ಇಲ್ಲದಿದ್ದರೂ ಅನಿಮೋನ್ ಸಾಯುವುದಿಲ್ಲ. ನೀರು ಅಲ್ಲಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿಯುತ್ತದೆ. ಆದ್ದರಿಂದ ಇನ್ವರ್ಟರಿಗೆ ಅಲೆ ಎಬ್ಬಿಸುವ ಒಂದು ಪಂಪನ್ನು ಮಾತ್ರ ಜೋಡಿಸಿ. 15 ವಾಟಿನ ಡಿಸಿ ಪಂಪೊಂದೇ ಆದರೆ 150 ಎಎಚ್ ಬ್ಯಾಟರಿ ಒಂದು ಹಗಲು ಒಂದು ರಾತ್ರಿ ಎಳೆಯುತ್ತದೆ. ಇನ್ವರ್ಟರ್ ಸೈನ್ ವೇವ್ ಮಾದರಿಯದೇ ಆಗಿರಲಿ. ಹಳೆಯ ಚೌಕ ಅಲೆಯ ಇನ್ವರ್ಟರಿನಲ್ಲಿ ಎಸಿ ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ. ಅದೂ ಇಲ್ಲದ ಮನೆಯಲ್ಲಿ ಸೆಲ್ ಹಾಕುವ ಏರ್ ಪಂಪ್ ಒಂದನ್ನು ಕೈಗೆ ಸಿಗುವಂತಿಡಿ. ಉಪ್ಪುಗಾಳಿಗೆ ಇಲ್ಲಿನ ಪ್ಲಗ್ ಪಿನ್ನುಗಳು ಬೇಗ ಹಸಿರು ಹಿಡಿಯುತ್ತವೆ. ವಯರುಗಳು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೇರುವಂತೆ ಬಿಡಿ, ಜಾರಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕಲಿ.

ಮಳೆಗಾಲದಲ್ಲಿ ಕಿಟಕಿ ಬಾಗಿಲೆಲ್ಲ ಮುಚ್ಚಿದ ಮನೆಯೊಳಗೆ ಕಾರ್ಬನ್ ಡೈ ಆಕ್ಸೈಡ್ ಏರಿ ಟ್ಯಾಂಕಿನ ಪಿಎಚ್ 7.8ಕ್ಕೆ ಇಳಿಯುವುದುಂಟು. ಔಷಧ ಹಾಕಿ ಏರಿಸಲು ಹೋಗಬೇಡಿ, ಕ್ಷಾರೀಯತೆ ಹಾಳಾಗುತ್ತದೆ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ಗಾಳಿ ನಳಿಕೆಯನ್ನು ಕಿಟಕಿಯ ಹೊರಗೆ ಬಿಟ್ಟರೆ ಸಾಕು.

ಪಂಪಿಗೆ ಬೇಲಿ

ಅನಿಮೋನ್ ಸಾವಿಗೆ ಕಾರಣಗಳಲ್ಲಿ ಪಂಪು ಮುಂಚೂಣಿಯಲ್ಲಿದೆ. ಪ್ರತಿ ಪಂಪಿನ ಬಾಯಿಗೂ ಒರಟು ಸ್ಪಂಜು ಅಥವಾ 3–4 ಮಿಲಿಮೀಟರ್ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಸುತ್ತಿ ನೈಲಾನ್ ಟೈ ಹಾಕಿ. ಕಬ್ಬಿಣದ ತಂತಿ ಬೇಡ. ನೀರು ಹೊರಹರಿಯುವ ಓವರ್‌ಫ್ಲೋ ಹಲ್ಲುಗಳಿಗೂ ಜಾಲರಿ ಬೇಕು. ಎರಡು ಮೂರು ದಿನಕ್ಕೊಮ್ಮೆ ತೆಗೆದು ತೊಳೆಯದಿದ್ದರೆ ಕಟ್ಟಿಕೊಂಡು ನೀರಿನ ಓಟ ಕುಗ್ಗುತ್ತದೆ. ನೋಡಲು ಅಸಹ್ಯ ಎಂದು ತೆಗೆಯುವ ಮನಸ್ಸಾಗುತ್ತದೆ. ಎರಡು ತಿಂಗಳು ತಡೆದುಕೊಳ್ಳಿ.

ಅಂಗಡಿಯಲ್ಲಿ ನೋಡುವುದು

ಬಾಯಿಯನ್ನು ಮೊದಲು ನೋಡಿ. ಬಿಗಿಯಾಗಿ ಮುಚ್ಚಿರಬೇಕು, ಜೋತುಬಿದ್ದು ಬಾಯಿ ಬಿಟ್ಟು ಒಳಗಿನ ಮಡಿಕೆ ಕಾಣುತ್ತಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ. ನಂತರ ಪಾದ. ಗಾಜಿಗೆ ಅಂಟಿದ್ದರೆ ಹಿಂದಿನಿಂದ ಕಾಣುತ್ತದೆ; ಸೀಳು, ಹರಿದ ಅಂಚು ಇರಬಾರದು. ಹರಿದ ತೋಳು ಮತ್ತೆ ಬೆಳೆಯುತ್ತದೆ, ಹರಿದ ಪಾದಕ್ಕೆ ಸೋಂಕು ತಗುಲಿ ಪ್ರಾಣಿಯೇ ಹೋಗುತ್ತದೆ. ಕಂದು, ಹಸಿರು, ಕೆಂಗಂದು ಬಣ್ಣ ಆರೋಗ್ಯದ್ದು. ಗಾಜಿನಂತೆ ಬಿಳಿಯಾದದ್ದು ಪಾಚಿ ಕಳೆದುಕೊಂಡದ್ದು. ಅಚ್ಚ ಹಳದಿ, ಕಣ್ಣು ಕುಕ್ಕುವ ನೀಲಿ ಅಥವಾ ಗುಲಾಬಿ ಇದ್ದರೆ ಬಣ್ಣ ಹಾಕಿದ್ದೇ ಎಂದು ಅನುಮಾನಿಸಿ. ಒಂದು ಚೂರು ಸಿಗಡಿ ಹಾಕಲು ಅಂಗಡಿಯವರನ್ನು ಕೇಳಿ. ತೋಳುಗಳು ಹಿಡಿದು ಬಾಯಿಗೆ ಒಯ್ಯಬೇಕು.

ಬಂದ ದಿನವೇ ಕೊಳ್ಳಬೇಡಿ. ಮುಂಗಡ ಕೊಟ್ಟು ಒಂದು ವಾರ ಅಲ್ಲೇ ಇರಿಸಿ. ಸಾಯುವುದಿದ್ದರೆ ಹೆಚ್ಚಾಗಿ ಆ ವಾರದಲ್ಲೇ ಸಾಯುತ್ತದೆ. ಕಳಿಸುವ ಎರಡು ದಿನ ಮುಂಚೆ ಆಹಾರ ನಿಲ್ಲಿಸಲು ಹೇಳಿ, ಹೊಟ್ಟೆ ತುಂಬಿದ್ದು ದಾರಿಯಲ್ಲಿ ಚೀಲದೊಳಗೇ ಕಕ್ಕಿ ನೀರು ಕೆಡಿಸುತ್ತದೆ. ಜೋಡಿ ಚೀಲ, ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ, ಹೊರಗೆ ಥರ್ಮೋಕೋಲ್ ಪೆಟ್ಟಿಗೆ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ತರಿಸುವಾಗ ಪೆಟ್ಟಿಗೆ ಡಿಕ್ಕಿಯಲ್ಲಿ ಎಂಜಿನಿನ ಪಕ್ಕ ಕೂರದಂತೆ ನೋಡಿಕೊಳ್ಳಿ. ಗೋವಾ ಅಥವಾ ಮಂಗಳೂರಿನಿಂದ ನೀವೇ ಹೋಗಿ ತರುವುದಾದರೆ ಇನ್ನೂ ನೆಮ್ಮದಿ.

ಮನೆಗೆ ಬಂದ ಗಂಟೆ

ಇಲ್ಲಿ ಒಂದು ತಪ್ಪು ಸಲಹೆ ಚಾಲ್ತಿಯಲ್ಲಿದೆ: ಎಷ್ಟು ನಿಧಾನವೋ ಅಷ್ಟು ಒಳ್ಳೆಯದು, ಮೂರು ಗಂಟೆ ಹನಿ ಹನಿ ಬಿಡಿ ಎಂದು. ಒಂದೆರಡು ಗಂಟೆಯ ಪ್ರಯಾಣಕ್ಕೆ ಅದು ನಡೆಯುತ್ತದೆ. ಹನ್ನೆರಡು ಗಂಟೆ ಮುಚ್ಚಿದ ಚೀಲದಲ್ಲಿ ಪ್ರಾಣಿಯ ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಆ ಇಳಿದ ಪಿಎಚ್‌ನಲ್ಲಿ ಅಮೋನಿಯಾ ಬಹುಪಾಲು ಅಷ್ಟು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ತೆರೆದ ಕೂಡಲೇ ಕಾರ್ಬನ್ ಡೈ ಆಕ್ಸೈಡ್ ಹಾರಿ ಪಿಎಚ್ ಏರುತ್ತದೆ, ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. ಅದೇ ನೀರಿನಲ್ಲಿ ಮೂರು ಗಂಟೆ ಕೂರಿಸುವುದು ಉಪಚಾರವಲ್ಲ, ಶಿಕ್ಷೆ.

ದೂರದಿಂದ ಬಂದದ್ದಕ್ಕೆ ಹೀಗೆ ಮಾಡಿ. ಚೀಲದಲ್ಲಿರುವ ಉಪ್ಪಿನಂಶ ಎಷ್ಟು ಎಂದು ಅಂಗಡಿಯವರಿಂದ ಹಿಂದಿನ ದಿನವೇ ಕೇಳಿಕೊಂಡು, 5 ಲೀಟರ್ ಹೊಸ ಉಪ್ಪುನೀರನ್ನು ಅದೇ ಅಳತೆಗೆ, ಉದಾಹರಣೆಗೆ 1.022ಕ್ಕೆ, ಕಲಸಿ ಗಾಳಿ ಆಡಿಸುತ್ತಾ ಇಡಿ.

1. ಕೋಣೆಯ ದೀಪ ಮಂದ ಮಾಡಿ, ಮುಚ್ಚಿದ ಚೀಲವನ್ನು 20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ತಯಾರಿಟ್ಟ ನೀರಿನ ಉಷ್ಣತೆಯೂ ಟ್ಯಾಂಕಿನಷ್ಟೇ ಇರಲಿ.
2. ಚೀಲ ತೆರೆದು ಎರಡು ಹನಿ ತೆಗೆದು ಉಪ್ಪಿನಂಶ ನೋಡಿ. ತಯಾರಿಟ್ಟ ನೀರಿಗಿಂತ 0.001ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ತಯಾರಿಟ್ಟ ನೀರನ್ನೇ ಸರಿಮಾಡಿ.
3. ನೈಟ್ರೈಲ್ ಕೈಗವಸು ಹಾಕಿ ಅನಿಮೋನ್‌ನ ಅಡಿಗೆ ಅಂಗೈ ಕೊಟ್ಟು ಎತ್ತಿ ಹೊಸ ನೀರಿಗೆ ದಾಟಿಸಿ. ತೋಳು ಹಿಡಿದು ಎತ್ತಬೇಡಿ. ಚೀಲದ ನೀರು ಟ್ಯಾಂಕಿಗೆ ಬೇಡ, ಮೋರಿಗೆ.
4. ಈಗ ಟ್ಯಾಂಕಿನ ನೀರನ್ನು ಸಪೂರ ನಳಿಕೆಯಲ್ಲಿ ಸೆಕೆಂಡಿಗೆ ಮೂರು ನಾಲ್ಕು ಹನಿಯಂತೆ ಬಿಡಿ. 10–15 ನಿಮಿಷಕ್ಕೊಮ್ಮೆ ಪಾತ್ರೆಯ ಸ್ವಲ್ಪ ನೀರು ತೆಗೆದು ಚೆಲ್ಲುತ್ತಾ, ಎರಡರ ಉಪ್ಪಿನಂಶ ಸಮನಾಗುವವರೆಗೆ ಮುಂದುವರಿಸಿ.

ಈ ಹೊತ್ತಿನಲ್ಲಿ ಪಾದವನ್ನು ಇನ್ನೊಮ್ಮೆ ನೋಡಿಕೊಳ್ಳಿ. ಕಲ್ಲಿನ ಚೂರು ಅಂಟಿಕೊಂಡಿದ್ದರೆ ಕೀಳಬೇಡಿ.

ಟ್ಯಾಂಕಿನೊಳಗೆ ಇಡುವುದು

ಬಬಲ್ ಟಿಪ್‌ಗೆ ಬೇಕಾದ್ದು ಪಾದಕ್ಕೆ ಕತ್ತಲು, ತಲೆಗೆ ಬೆಳಕು. ಕಲ್ಲುಗಳ ನಡುವೆ 8–10 ಸೆಂಟಿಮೀಟರ್ ಆಳದ ಬಿರುಕು ಅಥವಾ ತೂತು ಇದ್ದರೆ ಅದರೊಳಗೆ ಪಾದ ಸೇರಿಸಿ ಕೂರುತ್ತದೆ, ಹೆದರಿದಾಗ ಪೂರ್ತಿ ಒಳಗೆ ಸೇರಿಕೊಳ್ಳುತ್ತದೆ. ಇಂಥ ಜಾಗ ಒಂದೇ ಇದ್ದರೆ ಸಾಲದು, ಎರಡು ಮೂರು ಇರಲಿ. ಹ್ಯಾಡೋನಿ ಕಾರ್ಪೆಟ್‌ಗಾದರೆ ಕಲ್ಲಲ್ಲ, 10 ಸೆಂಟಿಮೀಟರಿಗಿಂತ ಆಳದ ಮರಳು ಬೇಕು.

ಎಲ್ಲ ಪಂಪು ನಿಲ್ಲಿಸಿ. ಪಾದವನ್ನು ಬಿರುಕಿನ ಬಾಯಿಗೆ ತಾಗಿಸಿ ಅರ್ಧ ನಿಮಿಷ ಹಗುರವಾಗಿ ಹಿಡಿಯಿರಿ, ಬಿಡಿ. ಮೇಲೆ ಹೊಸ ಪ್ಲಾಸ್ಟಿಕ್ಕಿನ ತರಕಾರಿ ತೊಳೆಯುವ ಜರಡಿ ಬುಟ್ಟಿಯನ್ನು ಬೋರಲಾಗಿ ಮುಚ್ಚಿ ಸಣ್ಣ ಕಲ್ಲಿನ ಭಾರ ಇಟ್ಟರೆ ಅಲೆಗೆ ತೇಲಿಹೋಗುವುದಿಲ್ಲ. 30 ನಿಮಿಷ ಬಿಟ್ಟು ಒಂದೇ ಪಂಪನ್ನು ಕಡಿಮೆ ವೇಗದಲ್ಲಿ ಚಾಲೂ ಮಾಡಿ. ಮಾರನೆಯ ದಿನ ಅಂಟಿದ್ದರೆ ಬುಟ್ಟಿ ತೆಗೆಯಿರಿ.

ಅದು ನಡೆಯಲು ಶುರು ಮಾಡಿದರೆ ತಡೆಯಬೇಡಿ. ಇಡೀ ಟ್ಯಾಂಕು ಸುತ್ತಿ ಕೊನೆಗೆ ನೀವು ಇಟ್ಟ ಜಾಗಕ್ಕೇ ಬಂದು ಕೂರುವುದೂ ಉಂಟು. ಕಿತ್ತು ತಂದು ಮತ್ತೆ ಇಡುವುದು ಈ ಹವ್ಯಾಸದ ದೊಡ್ಡ ಚಟ, ಒಂದೊಂದು ಸಲ ಕಿತ್ತಾಗಲೂ ಪಾದ ಹರಿಯುವ ಅವಕಾಶ ಹೊಸದಾಗಿ ಸಿಗುತ್ತದೆ. ಮೂರು ವಾರ ಕಳೆದರೂ ನಿಲ್ಲದೆ ಅಲೆಯುತ್ತಿದ್ದರೆ ಕಾರಣ ಹುಡುಕಿ. ಗಾಜಿನ ಮೇಲ್ಭಾಗಕ್ಕೆ ಹತ್ತುತ್ತಿದ್ದರೆ ಬೆಳಕು ಕಡಿಮೆ. ಕಲ್ಲಿನ ಅಡಿಗೆ ಹೊಕ್ಕು ಮುದುಡಿದ್ದರೆ ಬೆಳಕು ಜಾಸ್ತಿ, ಇಲ್ಲವೇ ಪಂಪಿನ ಹೊಡೆತ ನೇರವಾಗಿ ಬೀಳುತ್ತಿದೆ. ತೋಳುಗಳು ಒಂದೇ ಕಡೆ ಮಲಗಿದ್ದರೆ ಹೊಡೆತ ಹೆಚ್ಚು. ಗದ್ದೆಯ ಪೈರಿನಂತೆ ಅತ್ತಿತ್ತ ಓಲಾಡಿದರೆ ಸರಿ.

ಬೆಳಕನ್ನು ಏಕಾಏಕಿ ಪೂರ್ತಿ ಕೊಡಬೇಡಿ. ಎಲ್‌ಇಡಿಯನ್ನು ನಿಮ್ಮ ಮಾಮೂಲಿ ತೀವ್ರತೆಯ ಅರ್ಧಕ್ಕೆ ಇಳಿಸಿ, ವಾರಕ್ಕೆ ಶೇಕಡಾ 10ರಷ್ಟು ಏರಿಸುತ್ತಾ ಐದು ವಾರಕ್ಕೆ ಪೂರ್ತಿಗೆ ತನ್ನಿ. ಬೆಳಕಿನ ಬಲ ಅಳೆಯುವ ಪಾರ್ ಮೀಟರ್ ಎರವಲು ಸಿಕ್ಕರೆ ಶುರುವಿಗೆ 80–100, ಕೊನೆಗೆ 150ರಿಂದ 250. ದಿನಕ್ಕೆ 8–9 ಗಂಟೆ ಸಾಕು.

ಮೊದಲ ವಾರ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ದಿನಕ್ಕೊಮ್ಮೆ ಪೂರ್ತಿ ಸೊರಗಿ ಚಕ್ಕುಲಿಯಷ್ಟಾಗಿ ಮತ್ತೆ ಕೆಲವು ಗಂಟೆಯಲ್ಲಿ ಉಬ್ಬುವುದು ಸಹಜ. ಮೈಯೊಳಗಿನ ಹಳೆಯ ನೀರನ್ನು ಬದಲಿಸುತ್ತದೆ. ಬಾಯಿಂದ ಕಂದು ಬಣ್ಣದ ಲೋಳೆ ದಾರ ಬರುವುದೂ ಸಹಜ, ಅದು ಹೆಚ್ಚಾದ ಪಾಚಿ ಮತ್ತು ಮಲ. ಬಾಯಿಯೊಂದೇ ಇರುವ ಪ್ರಾಣಿ, ಹೊರಗೆ ಹೋಗುವುದೂ ಅದೇ ದಾರಿಯಲ್ಲಿ.

ಬಾಯಿ ತೆರೆದೇ ಒಂದು ದಿನ ದಾಟಿದರೆ, ಒಳಗಿನ ಮಡಿಕೆಗಳು ಹೊರಗೆ ಜೋತುಬಿದ್ದರೆ, ಪಾದ ಎಲ್ಲೂ ಅಂಟದೆ ಉರುಳುತ್ತಿದ್ದರೆ ಅದು ಅಪಾಯ. ತೋಳು ಮುಟ್ಟಿದರೆ ಅಂಟದೆ ಕೈಯಲ್ಲಿ ಕರಗಿ ಬಂದರೆ ಮುಗಿಯಿತು. ಅನುಮಾನವಿದ್ದರೆ ಒಂದು ಮಗ್ಗಿನಲ್ಲಿ ನೀರು ಸಮೇತ ಹೊರತೆಗೆದು ಮೂಸಿ. ಸತ್ತ ಅನಿಮೋನ್‌ನ ವಾಸನೆ ಹಳಸಿದ ಮೀನಿಗಿಂತ ಕೆಟ್ಟದು, ಎರಡನೇ ಸಲ ಕೇಳಬೇಕಾಗುವುದಿಲ್ಲ. ಸತ್ತದ್ದನ್ನು ತೆಗೆದ ಕೂಡಲೇ ಶೇಕಡಾ 30–40ರಷ್ಟು ನೀರು ಬದಲಿಸಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಆರು ಗಂಟೆಗೊಮ್ಮೆ ಅಮೋನಿಯಾ ನೋಡಿ.

ದಿನಕ್ಕೆ ಮೂರು ನಾಲ್ಕು ಸಲ ಸೊರಗಿ ಉಬ್ಬಿ, ಪ್ರತಿದಿನ ಬಾಯಿ ಇನ್ನಷ್ಟು ಸಡಿಲವಾಗುತ್ತಿದ್ದರೆ ಬ್ಯಾಕ್ಟೀರಿಯಾ ಸೋಂಕಿರಬಹುದು. ಬಲ್ಲ ಹವ್ಯಾಸಿಗಳು ಸಿಪ್ರೋಫ್ಲಾಕ್ಸಸಿನ್ ಬಳಸುತ್ತಾರೆ: ಪ್ರತ್ಯೇಕ ಟ್ಯಾಂಕಿನಲ್ಲಿ 38–40 ಲೀಟರಿಗೆ 250 ಮಿಲಿಗ್ರಾಂ, ಪ್ರತಿ ಸಂಜೆ ಪೂರ್ತಿ ನೀರು ಬದಲಿಸಿ ಹೊಸ ಡೋಸು, ಒಟ್ಟು ಏಳು ದಿನ. ಬೆಳಕಿಗೆ ಔಷಧ ಒಡೆಯುವುದರಿಂದ ಲೈಟು ಆರಿದ ಮೇಲೆ ಹಾಕಬೇಕು. ಮುಖ್ಯ ಟ್ಯಾಂಕಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು ಎಲ್ಲವೂ ಕೆಡುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಔಷಧವಲ್ಲ ಇದು, ಪಶುವೈದ್ಯರನ್ನು ಕೇಳಿ ತನ್ನಿ. ಬಳಸಿದ ನೀರನ್ನು ಬ್ಲೀಚ್ ಹಾಕಿ ಒಂದು ರಾತ್ರಿ ಇಟ್ಟು ಚೆಲ್ಲಿ, ಗದ್ದೆ ಕಾಲುವೆಗೆ ಹರಿಸಬೇಡಿ. ಆದರೆ ಮೊದಲ ಮೂರು ದಿನದ ಸುಸ್ತನ್ನು ನೋಡಿ ಇದಕ್ಕೆ ಕೈ ಹಾಕುವುದು ಅವಸರ.

ಆಹಾರ

ಮೊದಲ ವಾರ ಏನೂ ಬೇಡ. ಎರಡನೇ ವಾರ, ಪಾದ ಅಂಟಿ ಬಾಯಿ ಮುಚ್ಚಿ ತೋಳು ಅಂಟುತ್ತಿದ್ದರೆ, ಕಡಲೆಬೇಳೆಯಷ್ಟು ಒಂದು ಚೂರು. ನಮಗೆ ಮಾತ್ರ ಇರುವ ಅನುಕೂಲವೆಂದರೆ ಸಂತೆಯ ಶೆಟ್ಲಿ, ಎಂದರೆ ಸಿಗಡಿ. ಸಿಪ್ಪೆ, ತಲೆ, ಬೆನ್ನಿನ ನರ ತೆಗೆದು ಆರ್‌ಒ ನೀರಿನಲ್ಲಿ ತೊಳೆದು, ಎರಡು ದಿನ ಫ್ರೀಜರಿನಲ್ಲಿಟ್ಟು, ಟ್ಯಾಂಕಿನ ನೀರಿನಲ್ಲೇ ಕರಗಿಸಿ ಕೊಡಿ. ಉಪ್ಪು, ಅರಿಶಿನ ಸವರಿಟ್ಟದ್ದು ಬೇಡ, ಒಣ ಶೆಟ್ಲಿಯೂ ಬೇಡ. ಬೆಳಚಿನ (ಕಪ್ಪೆಚಿಪ್ಪಿನ) ಮಾಂಸವೂ ಆಗುತ್ತದೆ.

ಪಂಪು ನಿಲ್ಲಿಸಿ, ಪ್ಲಾಸ್ಟಿಕ್ ಚಿಮಟದಿಂದ ತೋಳಿಗೆ ತಾಗಿಸಿ ಬಿಡಿ. ಬಾಯಿಗೆ ತುರುಕಬೇಡಿ. ಕ್ಲೀನರ್ ಸಿಗಡಿ, ಹರ್ಮಿಟ್ ಏಡಿ ಇದ್ದರೆ ಬಾಯೊಳಗೆ ಕೈ ಹಾಕಿ ಕಿತ್ತುಕೊಳ್ಳುತ್ತವೆ. ಬಾಟಲಿಯ ಮೇಲರ್ಧ ಕತ್ತರಿಸಿ ಹದಿನೈದು ನಿಮಿಷ ಮುಚ್ಚಿಟ್ಟರೆ ಆಯಿತು. ಮಾರನೆಯ ದಿನ ಚೂರನ್ನು ಹಾಗೇ ಕಕ್ಕಿದ್ದರೆ ದೊಡ್ಡದಾಯಿತು, ಇಲ್ಲವೇ ಬೇಗ ಆಯಿತು. ವಾರಕ್ಕೊಮ್ಮೆ ಸಾಕು. ದಿನಾ ತಿನ್ನಿಸಿದರೆ ಬೇಗ ದೊಡ್ಡದಾಗಿ ಸೀಳುತ್ತದೆ, ನೀರೂ ಹಾಳಾಗುತ್ತದೆ. ಬಿಳಚಿದ ಅನಿಮೋನ್‌ಗೆ ಮಾತ್ರ ಈ ಲೆಕ್ಕ ಬೇರೆ: ಪಾಚಿಯಿಂದ ಬರುವ ಅನ್ನ ನಿಂತಿರುವುದರಿಂದ ಮೂರು ದಿನಕ್ಕೊಮ್ಮೆ ಮೈಸಿಸ್ ಎಂಬ ಪುಟ್ಟ ಸಿಗಡಿಯಂಥ ಸಣ್ಣ ಆಹಾರ, ಮಂದ ಬೆಳಕು, ಮತ್ತು ತಿಂಗಳುಗಟ್ಟಲೆ ತಾಳ್ಮೆ.

ತಾಳ್ಮೆಗೆ ಫಲ ಎಷ್ಟೆಂದರೆ, ಸ್ಕಾಟ್ಲೆಂಡಿನ ಜಾನ್ ಗ್ರಹಾಂ ಡಾಲಿಯೆಲ್ 1828ರಲ್ಲಿ ದಡದಿಂದ ತಂದು ಗಾಜಿನ ಜಾಡಿಯಲ್ಲಿಟ್ಟ ಒಂದು ಅನಿಮೋನ್ 1887ರವರೆಗೆ ಬದುಕಿತ್ತು. ತಂದವರು 1851ರಲ್ಲೇ ತೀರಿಹೋಗಿದ್ದರು. ಜನ ಅದನ್ನು ಅಜ್ಜಿ ಎಂದೇ ಕರೆದರು. ಅದು ತಣ್ಣೀರಿನ ಬೇರೆ ಜಾತಿ, ನಿಜ. ಆದರೂ ಆರು ತಿಂಗಳಿಗೆ ಸತ್ತದ್ದನ್ನು ವಯಸ್ಸಾಗಿ ಹೋಯಿತು ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ.

ಕ್ಲೌನ್ ಮೀನು, ನೆರೆಹೊರೆ

ಮೀನು ಇಲ್ಲದೆಯೂ ಅನಿಮೋನ್ ಚೆನ್ನಾಗಿ ಬದುಕುತ್ತದೆ, ಅನಿಮೋನ್ ಇಲ್ಲದೆ ಅದರ ತೋಳುಗಳ ನಡುವೆ ಬಾಳುವ ಕ್ಲೌನ್ ಮೀನೂ ಟ್ಯಾಂಕಿನಲ್ಲಿ ಬದುಕುತ್ತದೆ. ಕಡಲಿನಲ್ಲಿ ಓಸೆಲಾರಿಸ್ ಕ್ಲೌನ್ ಬಬಲ್ ಟಿಪ್‌ನಲ್ಲಿ ಇರುವುದಿಲ್ಲ. ಟ್ಯಾಂಕಿನಲ್ಲಿ ಹೆಚ್ಚಿನವು ಒಪ್ಪಿಕೊಳ್ಳುತ್ತವೆ, ಕೆಲವು ವರ್ಷವಾದರೂ ತಿರುಗಿ ನೋಡುವುದಿಲ್ಲ. ಅದಕ್ಕೆ ಒತ್ತಾಯ ನಡೆಯುವುದಿಲ್ಲ. ಮೊದಲೇ ಮೀನಿದ್ದರೆ ಅದರ ಉಪದ್ರವವನ್ನು ಗಮನಿಸಿ: ಹೊಸ ಅನಿಮೋನ್‌ನ ಮೇಲೆ ದಿನವಿಡೀ ಉಜ್ಜಿ ಉಜ್ಜಿ ಅರಳಲು ಬಿಡದಿದ್ದರೆ ಎರಡು ವಾರ ಮೀನನ್ನು ಜಾಲರಿ ಪೆಟ್ಟಿಗೆಯಲ್ಲಿಡಿ. ಮೀನಿಲ್ಲದಿದ್ದರೆ ಅನಿಮೋನ್ ಒಂದೆರಡು ತಿಂಗಳು ನೆಲೆ ನಿಲ್ಲುವವರೆಗೆ ತರಬೇಡಿ.

ಅನಿಮೋನ್ ಸುತ್ತ 15 ಸೆಂಟಿಮೀಟರ್ ಜಾಗ ಖಾಲಿ ಬಿಡಿ. ಮುಟ್ಟಿದ್ದನ್ನೆಲ್ಲ ಕುಟುಕುತ್ತದೆ. ಲೆದರ್ ಜಾತಿಯ ಮೃದು ಹವಳಗಳು ಮುಟ್ಟದೆಯೂ ನೀರಿಗೆ ವಿಷ ಬಿಟ್ಟು ಜಗಳ ಮಾಡುತ್ತವೆ. ಹಾಗಾಗಿ ಕಾರ್ಬನ್ನನ್ನು ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ.

ಎರಡು ತಿಂಗಳ ಮೇಲೆ

ಅಂಟಿದ ಜಾಗ ಬಿಡದೆ, ಬಣ್ಣ ಗಾಢವಾಗಿ, ತಿಂದದ್ದು ದಕ್ಕುತ್ತಿದ್ದರೆ ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸುತ್ತಾ ಹೋಗಿ. ಆವಿಯಾದದ್ದಕ್ಕೆ ಸಿಹಿ ಆರ್‌ಒ ನೀರೇ ತುಂಬಬೇಕು, ಉಪ್ಪುನೀರಲ್ಲ. ಮೇನಲ್ಲಿ ಇಳಿದಷ್ಟು ನೀರು ಜುಲೈನಲ್ಲಿ ಇಳಿಯುವುದಿಲ್ಲ. ಕೈಯಲ್ಲಿ ತುಂಬುವವರು ಹಳೆಯ ಅಭ್ಯಾಸದಂತೆ ದಿನಕ್ಕೆರಡು ಮಗ್ ಸುರಿಯುತ್ತಾ ಹೋದರೆ ಉಪ್ಪಿನಂಶ ಮೆಲ್ಲಗೆ ಕುಸಿಯುತ್ತದೆ. ಗಾಜಿನ ಮೇಲೆ ಗುರುತು ಹಾಕಿ ಅಲ್ಲಿಯವರೆಗೆ ಮಾತ್ರ ತುಂಬಿ, ಇಲ್ಲವೇ ಫ್ಲೋಟ್ ಸ್ವಿಚ್ಚಿನ ಯಂತ್ರ ಇಡಿ.

ಒಂದು ಬೆಳಿಗ್ಗೆ ಅದು ಎರಡೂ ಕಡೆಗೆ ಜಗ್ಗಿ ಉದ್ದವಾಗಿ, ನಡುವೆ ಹರಿದಂತೆ ಕಂಡರೆ ಗಾಬರಿಯಾಗಬೇಡಿ, ಸೀಳಿ ಎರಡಾಗುತ್ತಿದೆ. ಹೆಚ್ಚು ಆಹಾರ ಸಿಕ್ಕಾಗ, ಇಲ್ಲವೇ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿದ ಮೇಲೆ ಹೀಗಾಗುವುದು ಜಾಸ್ತಿ. ಎರಡು ವಾರ ಆಹಾರ ಕೊಡಬೇಡಿ. ಎರಡರ ಬಾಯಿಯೂ ಪೂರ್ತಿ ರೂಪ ತಳೆಯುವವರೆಗೆ ಮುಟ್ಟಬೇಡಿ. ಮರಿಯನ್ನು ಯಾರಿಗಾದರೂ ಕೊಡುವಾಗ ಅಂಟಿದ ಕಲ್ಲಿನ ತುಂಡು ಸಮೇತ ಕೊಡಿ. ಕಲ್ಲು ದೊಡ್ಡದಾಗಿದ್ದರೆ ಸಣ್ಣ ಜಿಪ್ ಚೀಲದಲ್ಲಿ ಐಸ್ ಹಾಕಿ ಪಾದದ ಅಂಚಿಗೆ ತಾಗಿಸಿ ಹಿಡಿಯಿರಿ. ಅದು ತಾನಾಗಿ ಹಿಡಿತ ಸಡಿಲಿಸಿದಾಗ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಒಂದು ಕಡೆಯಿಂದ ಮೆಲ್ಲಗೆ ಎಬ್ಬಿಸುತ್ತಾ ಬನ್ನಿ.